ಬೀಗದಕ್ಕನ ಒಂಬತ್ತು ನಿಯಮ

ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಎಲ್ಲರೂ ಬೀಗದಕ್ಕ ಅಂತಲೇ ಕರೆಯುತ್ತಿದ್ದರು. ಅಲ್ಲಿ ಕಂಪ್ಯೂಟರಿನೊಳಗೆ ಹೋಗಲು ಪಾಸ್‌ವರ್ಡ್ ಸಾಲದು, ಫೋನಿಗೆ ಬರುವ ಆರು ಅಂಕಿಯನ್ನೂ ಒತ್ತಬೇಕು. ಫೋನ್ ಕಳಕೊಂಡವರಿಗೆ ಹಳೆಯದರ ನಂಟು ಕಡಿದು ಹೊಸದಕ್ಕೆ ಗಂಟು ಹಾಕಿಕೊಡುವುದು ಅವಳ ಕೆಲಸ. ಅದಕ್ಕೆ ಒಂಬತ್ತು ನಿಯಮ ಬರೆದು ಗೋಡೆಗೆ ಅಂಟಿಸಿದ್ದಳು. ಮುಖ ಕಾಣಬೇಕು, ಗುರುತಿನ ಚೀಟಿ ಇರಬೇಕು, ಮೇಲಧಿಕಾರಿ ಪಕ್ಕದಲ್ಲೇ ನಿಂತು ಇವರೇ ಅನ್ನಬೇಕು. ಅತ್ತರೆ ನಡೆಯದು ಅನ್ನುವುದನ್ನು ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ಬೆಳಿಗ್ಗೆ ಅವಳ ಫೋನೇ ಬಟ್ಟೆ ಒಗೆಯುವ ಯಂತ್ರದಲ್ಲಿ ಮುಕ್ಕಾಲು ಗಂಟೆ ತಿರುಗಿತು. ಮಧ್ಯಾಹ್ನ ಹೊಸದು ತಂದಳು. ಕಂಪ್ಯೂಟರ್ ಅದನ್ನು ಮೂಸಿಯೂ ನೋಡಲಿಲ್ಲ.

ಅವತ್ತು ಸಂಜೆ ಐದಕ್ಕೆ ವರ್ಗಾವಣೆ ಅರ್ಜಿಯ ಗಡುವು. ಅರ್ಜಿ ಹಾಕುವುದೂ ಕಂಪ್ಯೂಟರಿನಲ್ಲೇ. ದೂರದ ಊರಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ನೋಡಿಕೊಳ್ಳುತ್ತಿದ್ದ ಅಕ್ಕ, "ಈ ತಿಂಗಳಾಚೆ ನನ್ನ ಕೈಲಾಗಲ್ಲ ಕಣೆ" ಅಂದಿದ್ದಳು. ಆ ಊರಿನ ಕಚೇರಿಯಲ್ಲಿ ಒಂದು ಜಾಗ ಖಾಲಿ ಇತ್ತು, ಬೇರೆ ಯಾರೂ ಕೇಳಿರಲಿಲ್ಲ.

ತನ್ನ ಬೀಗ ತಾನೇ ತೆಗೆಯುವಂತಿಲ್ಲ. ಆ ಅಧಿಕಾರ ಇದ್ದ ಇನ್ನೊಬ್ಬರೆಂದರೆ ಉಗ್ರಾಣದ ಯಜಮಾನರು. ಎರಡನೆಯವರೊಬ್ಬರು ಇರಲೇಬೇಕು ಅಂತ ಆದೇಶ ಬಂದಾಗ, ಸಭೆಯಲ್ಲಿ ತೂಕಡಿಸುತ್ತಿದ್ದ ಇವರ ಹೆಸರು ಬರೆದುಕೊಂಡಿದ್ದರು.

ಆರು ವರ್ಷದ ಹಿಂದೆ ಇದೇ ಯಜಮಾನರು ಮಗಳ ಹೆರಿಗೆಗೆ ಆಸ್ಪತ್ರೆಯಲ್ಲಿದ್ದಾಗ ಫೋನ್ ಒಡೆದಿತ್ತು. ಉಗ್ರಾಣದಿಂದ ಪೈಪು ಹೊರಡಲು ಕಂಪ್ಯೂಟರಿನಲ್ಲಿ ಅವರ ಒಪ್ಪಿಗೆ ಬೇಕಿತ್ತು. ಅಳಿಯನ ಫೋನಿನಿಂದ ಕೇಳಿಕೊಂಡರೆ, "ಬಂದು ಮುಖ ತೋರಿಸಿ" ಅಂದಿದ್ದಳು. ಬಂದರು, ತೋರಿಸಿದರು. ವಾಪಸ್ ಹೋಗುವಷ್ಟರಲ್ಲಿ ಮಗುವನ್ನು ನೋಡಬೇಕಾದವರೆಲ್ಲ ನೋಡಿ ಮುಗಿಸಿದ್ದರು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು.

ಮೂರು ಗಂಟೆಗೆ ಅವರೆದುರು ನಿಂತು, "ಫೋನ್ ನೀರುಪಾಲಾಯ್ತು ಸಾರ್" ಅಂದಳು.

"ನಮ್ಮ ಇಲಾಖೆಗೆ ತಕ್ಕ ಹಾಗೆ" ಅಂದು ಯಜಮಾನರು ಕನ್ನಡಕ ಹಾಕಿಕೊಂಡರು. ಗೋಡೆಯ ಹತ್ತಿರ ಹೋಗಿ, ಬೆರಳಿಟ್ಟು, ಒಂಬತ್ತೂ ಓದಿದರು. "ಮುಖ ಇದೆ. ಚೀಟಿ ಇದೆ. ಸಾಹೇಬ್ರೆಲ್ಲಿ?"

"ಟ್ಯಾಂಕ್ ತಪಾಸಣೆಗೆ ಹೋಗಿದಾರೆ. ಹದಿನೆಂಟು ಕಿಲೋಮೀಟರ್. ವಿಡಿಯೋದಲ್ಲಿ..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ವಿಡಿಯೋ ಕೂಡದು ಅನ್ನುವುದು ಏಳನೆಯದು. "ಹನ್ನೊಂದು ವರ್ಷದಿಂದ ದಿನಾ ನನ್ನ ನೋಡ್ತಿದೀರಲ್ಲ ಸಾರ್."

"ನೋಡ್ತಿದೀನಿ. ಆದ್ರೆ ನಾನು ನಿಮ್ಮ ಮೇಲಧಿಕಾರಿ ಅಲ್ಲ."

ಸೇಡೇನಾದರೂ ಇದೆಯಾ ಅಂತ ಮುಖ ನೋಡಿದಳು. ಅಲ್ಲಿ ಕನ್ನಡಕ ಬಿಟ್ಟರೆ ಏನೂ ಇರಲಿಲ್ಲ.

ಯಜಮಾನರು ಮೊಳೆಯಿಂದ ಸ್ಕೂಟರ್ ಕೀಲಿ ತೆಗೆದರು. "ನಿಯಮ ಮುರಿಯೋಕೆ ನನಗೆ ಬರಲ್ಲಮ್ಮ. ಗಾಡಿ ಓಡಿಸೋಕೆ ಬರುತ್ತೆ."

ನಾಲ್ಕು ನಲವತ್ತಕ್ಕೆ ಸಾಹೇಬರು ಯಜಮಾನರ ಸ್ಕೂಟರಿನಿಂದ ಇಳಿದು ಬಂದು ಕುರ್ಚಿಗೆ ಬಿದ್ದರು. ಕೂದಲೆಲ್ಲ ನೆಟ್ಟಗಾಗಿತ್ತು. "ಇವರೇ ಕಣ್ರೀ, ಇನ್ಯಾರು."

"ನಿಂತು ಹೇಳಿ ಸಾರ್. ಹಾಗಂತ ಬರೆದಿದೆ" ಅಂದರು ಯಜಮಾನರು.

ಸಾಹೇಬರು ಎದ್ದು ನಿಂತು ಹೇಳಿದರು.

ಯಜಮಾನರು ಒಂದೇ ಬೆರಳಲ್ಲಿ ಒತ್ತತೊಡಗಿದರು. ಯಾವ ಗುಂಡಿ ಅಂತ ಬೀಗದಕ್ಕ ಹೇಳಬಹುದು, ಮುಟ್ಟುವಂತಿಲ್ಲ; ಎಂಟನೆಯದು. ತೆರೆಯ ಮೇಲೆ ಚಕ್ರ ತಿರುಗುತ್ತಿತ್ತು.

"ಆವತ್ತು ನಾನೇ ಸಾಹೇಬ್ರನ್ನ ಕರ್ಕೊಂಡು ಆಸ್ಪತ್ರೆಗೆ ಬರಬಹುದಿತ್ತು" ಅಂದಳು.

"ಬರಬಹುದಿತ್ತು" ಅಂದರು ಯಜಮಾನರು, ಚಕ್ರದ ಮೇಲಿನ ಕಣ್ಣು ತೆಗೆಯದೆ. "ಬಂತು ನೋಡಿ, ಅಂಕಿ."

ಐದಕ್ಕೆ ಆರು ನಿಮಿಷ ಇರುವಾಗ ಅರ್ಜಿ ಹೋಯಿತು. ಬೀಗದಕ್ಕ ಅಕ್ಕನಿಗೆ ಫೋನ್ ಮಾಡಿದಳು.

ಅಕ್ಕ, "ಬರೋವಾಗ ದಪ್ಪ ದಿಂಬು ಎರಡು ತಾ" ಅಂದಳು. "ಇಲ್ಲಿರೋವನ್ನೆಲ್ಲ ಅಮ್ಮ ಚಪ್ಪಟೆ ಮಾಡಿಟ್ಟಿದಾಳೆ."