ಹೋರಿಯ ಕೊರಳಿನ ಪೇಪರಮೆಂಟು

ಏಟು ತಿನ್ನುತ್ತಲೇ ಹುಟ್ಟಿದವನು ನಾನು. ಸಕ್ಕರೆ, ಬೆಣ್ಣೆ, ಉಪ್ಪು ಮೂರನ್ನೂ ಕುದಿಸಿ, ಕಬ್ಬಿಣದ ಕೈಗಳಿಂದ ಹಿಗ್ಗಾಮುಗ್ಗಾ ಎಳೆದು, ಉರುಳೆಗಳ ನಡುವೆ ಹಿಸುಕಿ, ಕೊನೆಗೆ ಒಂದು ಅಲಗಿನ ಕೆಳಗೆ ದೂಡಿದರು. ಅದು ಕಡಿದು ಬಿಸಾಕಿದ ತುಂಡೇ ನಾನು. ಮೈ ಆರುವ ಮೊದಲೇ ಬಂಗಾರದ ಬಣ್ಣದ ಕಾಗದ ಸುತ್ತಿ ಎರಡೂ ತುದಿಯಲ್ಲಿ ಕತ್ತು ತಿರುಚಿದರು.

ನಾನು ಹುಟ್ಟಿದ, ಹಿಮ ಬೀಳುವ ದೇಶದಲ್ಲಿ ನನ್ನ ಕುಲಕ್ಕೆ ಮರ್ಯಾದೆ ಅಷ್ಟಕ್ಕಷ್ಟೆ. ಹಲ್ಲಿನ ವೈದ್ಯರ ಕೋಣೆಯಲ್ಲಿ, ಶವಪೆಟ್ಟಿಗೆ ಮಾರುವವರ ಮೇಜಿನ ಮೇಲೆ, ಗಾಜಿನ ಬಟ್ಟಲಲ್ಲಿ ಬಿದ್ದಿರುತ್ತೇವೆ. ಅಜ್ಜಿಯರು ಕೊಟ್ಟರೆ ಮೊಮ್ಮಕ್ಕಳು ನಕ್ಕು ಇಸಿದುಕೊಂಡು, ಮರೆಯಲ್ಲಿ ಬಟ್ಟಲಿಗೇ ವಾಪಸು ಹಾಕುತ್ತವೆ.

ಮಸ್ಕತ್ತಿನಲ್ಲಿ ಕ್ರೇನ್ ನಡೆಸುವ ಈರಪ್ಪ ಅಲ್ಲಿನ ಅಂಗಡಿಗೆ ಬಂದಿದ್ದ ನಮ್ಮನ್ನು ಕೊಂಡು, ಡಬ್ಬಿ ಸಮೇತ ಹಾವೇರಿ ಕಡೆಯ ತನ್ನೂರಿಗೆ, ಅಕ್ಕ ಗಿರಿಜವ್ವನ ಮನೆಗೆ ತಂದ. ನಮ್ಮ ಕುಲದ ಭಾಗ್ಯ ಅಲ್ಲಿ ನಾವು ಬರುವ ಮೂರು ವರ್ಷ ಮೊದಲೇ ತೆರೆದಿತ್ತು.

ದೀಪಾವಳಿ ಮುಗಿದ ಮೇಲೆ ಅಲ್ಲಿ ಹೋರಿ ಓಡಿಸುತ್ತಾರೆ. ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ ಜನರ ನಡುವೆ ಬಿಡುತ್ತಾರೆ. ಹರಿದುಕೊಂಡವನು ಗಂಡಸು, ಹರಿಯಗೊಡದೆ ದಾಟಿದ್ದು ಹೋರಿ. ಮೂರು ವರ್ಷದ ಹಿಂದಿನ ಆ ಹಬ್ಬದಲ್ಲಿ ಕೊಬ್ಬರಿ ಸಾಲದೆ, ಗಿರಿಜವ್ವ ತಮ್ಮ ಆಗ ತಂದಿದ್ದ ಹನ್ನೆರಡು ಪೇಪರಮೆಂಟನ್ನು ಸರಕ್ಕೆ ಪೋಣಿಸಿದಳು. ಬಿಸಿಲಿಗೆ ಅವು ಮಿಂಚಿದವು. ಆ ಮಿಂಚಿಗೆ ಮೂವರ ಪಕ್ಕೆಲುಬು, ಒಬ್ಬನ ಮುಂದಿನ ನಾಲ್ಕು ಹಲ್ಲು ಹೋದವು. ಮರುವರ್ಷ ಯಾವ ಹೋರಿಯ ಕೊರಳೂ ನಾವಿಲ್ಲದೆ ಬಯಲಿಗೆ ಇಳಿಯಲಿಲ್ಲ. ಕಿತ್ತವರು ನಮ್ಮನ್ನು ತಿನ್ನುವುದಿಲ್ಲ. ತಾಯಿತದ ಹಾಗೆ ತೋಳಿಗೆ ಕಟ್ಟಿಕೊಳ್ಳುತ್ತಾರೆ. ಹೆಣ್ಣು ಕೊಡುವವರೂ, "ವರನ ಹತ್ರ ಬಂಗಾರ ಪೇಪರಮೆಂಟು ಎಷ್ಟದಾವ?" ಎಂದು ಕೇಳತೊಡಗಿದರು.

ಗಿರಿಜವ್ವನ ಹೋರಿಯ ಹೆಸರು ತಹಸೀಲ್ದಾರ. ಕರೆದರೆ ಬರುವುದಿಲ್ಲ, ಬಂದರೆ ಯಾರನ್ನೂ ಬಿಡುವುದಿಲ್ಲ. ಅದರ ಕೊರಳನ್ನು ಯಾರೂ ಮುಟ್ಟಿರಲಿಲ್ಲ. ಆದರೆ ದಿನಾ ಬೆಳಗ್ಗೆ ಗಿರಿಜವ್ವ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು, ನಮ್ಮಲ್ಲೊಬ್ಬನ ಕಾಗದ ಬಿಚ್ಚಿ ಅಂಗೈ ಮೇಲಿಟ್ಟು ಅದಕ್ಕೆ ನೆಕ್ಕಿಸುತ್ತಿದ್ದಳು. ಇದು ಊರಿಗೆ ಗೊತ್ತಿಲ್ಲ. ಡಬ್ಬಿಯಲ್ಲಿದ್ದ ನಮಗೆ ಗೊತ್ತು.

ಮನೆ ಕಟ್ಟುವ ಗೌಂಡಿ ಮುದಕಪ್ಪ ಚಹಾದಂಗಡಿಯ ಮುಂದೆ ನಿಂತು, "ಈ ಸಲ ತಹಸೀಲ್ದಾರನ ಕೊಳ್ಳಾಗಿಂದು ಹರೀಲಿಲ್ಲಂದ್ರ ಮೀಸಿ ಬೋಳಿಸ್ತೀನಿ" ಎಂದಿದ್ದ.

ದಾರಿಯಲ್ಲಿ ಹೋಗುತ್ತಿದ್ದ ಗಿರಿಜವ್ವ, "ಮೀಸಿ ಮತ್ತ ಬೆಳಿತೈತಿ ತಮ್ಮಾ. ಹೊಟ್ಟಿ ಹರದ್ರ ಹೊಲಿಬೇಕಾಗತೈತಿ" ಎಂದಳು.

ಆ ವರ್ಷದ ಸರದಲ್ಲಿ ನಾನಿದ್ದೆ. ಹಗ್ಗ ಬಿಚ್ಚಿದ್ದೇ ತಡ, ತಹಸೀಲ್ದಾರ ಮೊದಲು ಅಡ್ಡ ಬಂದವನ ತೊಡೆ ಸೀಳಿತು, ಎರಡನೆಯವನನ್ನು ಬೇಲಿಯ ಆಚೆ ಎಸೆಯಿತು. ಮುದಕಪ್ಪ ಪಕ್ಕದಿಂದ ಹಾರಿ ಕೊರಳಿಗೆ ಜೋತುಬಿದ್ದ. ನಲವತ್ತು ಮಾರು ಎಳೆದೊಯ್ದಿತು. ಅವನ ಮೊಣಕಾಲಿನ ಮಾಂಸ ದಾರಿಗುಂಟ ಉಳಿಯಿತು. ಸರ ಹರಿಯಿತು. ನಾನು ಅವನ ಬಲ ಮುಷ್ಟಿಯಲ್ಲಿದ್ದೆ, ಅವನು ಮಣ್ಣಿನಲ್ಲಿದ್ದ.

ಓಡುವ ಹೋರಿ ತಿರುಗಿ ನೋಡುವುದಿಲ್ಲ. ತಹಸೀಲ್ದಾರ ತಿರುಗಿತು. ಜನ ಸಿಕ್ಕ ಸಿಕ್ಕ ಮರ ಹತ್ತಿದರು. ಮುಷ್ಟಿಯ ಬಿಗಿಗೆ ನನ್ನ ಕಾಗದ ಹರಿದು ಬೆಣ್ಣೆಯ ವಾಸನೆ ಎದ್ದಿತ್ತು. ಹೋರಿ ಆ ಮುಷ್ಟಿಯನ್ನು ಮೂಸಿತು, ಕೋಡಿನಿಂದ ತಿವಿದು ಅವನನ್ನು ಹೊರಳಿಸಿತು, ಮತ್ತೆ ಮೂಸಿತು.

ಗಿರಿಜವ್ವ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. "ಕೈ ಬಿಚ್ಚೋ ಮುದಕಪ್ಪಾ. ಅದನ್ನ ಒಗಿ."

"ಸತ್ರೂ ಬಿಚ್ಚಂಗಿಲ್ಲಬೇ."

ಗೊರಸು ಮುಷ್ಟಿಯ ಮೇಲೆ ಬಿತ್ತು. ಒಮ್ಮೆ, ಮತ್ತೊಮ್ಮೆ. ಕಟಕಟ ಮುರಿದದ್ದರಲ್ಲಿ ಅವನ ಎಲುಬು ಯಾವುದು, ನನ್ನ ಮೈ ಯಾವುದು ತಿಳಿಯಲಿಲ್ಲ. ಗಿರಿಜವ್ವ ಸೆರಗಿನ ಗಂಟಿನಿಂದ ಒಂದು ಪೇಪರಮೆಂಟು ತೆಗೆದು, ಮರೆಯಲ್ಲಿ ಕಾಗದ ಬಿಚ್ಚಿ ಅಂಗೈ ಚಾಚಿದಳು. ತಹಸೀಲ್ದಾರ ರಕ್ತದ ಗೊರಸು ಎತ್ತಿ ಅವಳ ಹತ್ತಿರ ನಡೆದುಹೋಯಿತು. ಮರದ ಮೇಲಿದ್ದವರು ಪವಾಡ ಕಂಡೆವೆಂದು ಕೈ ಮುಗಿದರು.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಗೌಂಡಿಯ ಬಲಗೈಯ ಬೆರಳುಗಳು. ಎಂಟನೆಯ ದಿನ ಗಿರಿಜವ್ವ ಅವನ ಮನೆಗೆ ಬಂದು ಕಂಬಕ್ಕೊರಗಿ ಕೂತಳು.

"ತಪ್ಪು ನಂದೈತೋ ಯಪ್ಪಾ. ದಿನಾ ನಾನ ತಿನಸತಿದ್ದೆ. ಅದಕ್ಕ ನಿನ್ನ ಮ್ಯಾಲ ಸಿಟ್ಟಿರಲಿಲ್ಲ. ಪೇಪರಮೆಂಟು ಬೇಕಾಗಿತ್ತು, ಅಷ್ಟ."

ಮುದಕಪ್ಪ ಎದ್ದು ಬ್ಯಾಂಡೇಜಿನ ಕೈಯಲ್ಲೇ ಬಾಗಿಲು ದೂಡಿ ಮುಚ್ಚಿದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಇದನ್ನ ಯಾರ ಮುಂದೂ ಆಡಬ್ಯಾಡ. ಹೋರಿ ಸಿಟ್ಟಿಗೆ ಬಟ್ಟು ಹೋದುವಂದ್ರ ಒಂದು ಮಾತು. ಪೇಪರಮೆಂಟಿಗೆ ಹೋದುವಂದ್ರ ಹ್ಯಾಂಗ ತಿರಗ್ಯಾಡ್ಲಿ?"

ಅವಳು ಆಡಲಿಲ್ಲ. ಆದರೆ ತಹಸೀಲ್ದಾರನನ್ನು ಮತ್ತೆ ಬಯಲಿಗೆ ಬಿಡಲಿಲ್ಲ.

ಈಗ ನಾನು ಮುದಕಪ್ಪನ ಷೋಕೇಸಿನಲ್ಲಿ, ರಕ್ತ ಕಪ್ಪಾದ ಬಂಗಾರ ಕಾಗದದೊಳಗೆ ಹಿಟ್ಟಾಗಿ ಕೂತಿದ್ದೇನೆ. ನೋಡಲು ಪರವೂರಿನವರೂ ಬರುತ್ತಾರೆ. ದಿನಾ ಬೆಳಗ್ಗೆ ಕೆರೆಗೆ ಹೋಗುವಾಗ ಮುದಿ ತಹಸೀಲ್ದಾರ ಬಾಗಿಲಲ್ಲಿ ನಿಂತು ಮೂಗು ಎತ್ತುತ್ತದೆ. "ನೋಡ್ರಿ, ಇನ್ನೂ ಸೇಡು ಬಿಟ್ಟಿಲ್ಲ" ಎನ್ನುತ್ತಾನೆ ಮುದಕಪ್ಪ, ಉಳಿದ ಎರಡು ಬೆರಳಿನಲ್ಲಿ ಮೀಸೆ ತಿರುವುತ್ತಾ. ಗಿರಿಜವ್ವ ತಲೆ ತಗ್ಗಿಸಿ ಹಗ್ಗ ಎಳೆಯುತ್ತಾಳೆ.

ಮಸ್ಕತ್ತಿನ ಅಂಗಡಿ ಬಿಟ್ಟರೆ ಎರಡು ದೇಶ ಕಂಡೆ. ಒಂದರಲ್ಲಿ ನಾನು ಯಾರಿಗೂ ಬೇಡ. ಇನ್ನೊಂದರಲ್ಲಿ ನನಗಾಗಿ ಮೈ ಸೀಳಿಸಿಕೊಂಡರು, ಆದರೆ ಬೇಕಾಗಿದ್ದುದು ಕಾಗದ. ನನ್ನನ್ನು ನನ್ನ ಸಿಹಿಗಾಗಿಯೇ ಬಯಸಿದ ಒಂದೇ ಒಂದು ಜೀವ ಈ ಗಾಜಿನ ಆಚೆ, ಹದಿನೈದು ಹೆಜ್ಜೆ ದೂರದಲ್ಲಿ, ದಿನಾ ಒಂದು ಗಳಿಗೆ ನಿಂತು ಹೋಗುತ್ತದೆ.