ಮಸ್ಕತ್ತಿನ ಕೈಚೀಲ

ಆಟೋದಿಂದ ಇಳಿಯುತ್ತಲೇ ಆ ಹೆಂಗಸು ಗೋಳೋ ಎಂದು ಅಳತೊಡಗಿದಳು. ಕಂಕುಳಲ್ಲಿ ಹೂವಿನ ಬುಟ್ಟಿ. ಗವಿಪುರದ ಆ ಮನೆಯಂಗಳದಲ್ಲಿ ನೆರೆದಿದ್ದವರ ಕಿವಿಯೆಲ್ಲ ನೆಟ್ಟಗಾಯಿತು. ಶ್ರೀನಿವಾಸಯ್ಯನವರ ದೇಹದ ಪಕ್ಕ ಕೂತಿದ್ದ ಹೆಂಡತಿ ತುಳಸಮ್ಮ ತಲೆಯೆತ್ತಿ ನೋಡಿದಳು. ಇಷ್ಟು ವರ್ಷ ಯಾರಿಗೆ ಹೆದರಿದ್ದಳೋ ಅವಳೇ ಬಂದಳು ಎಂದುಕೊಂಡಳು.

"ಯಾರತ್ತಿಗೆ ಅದು?" ನಾದಿನಿ ಹರಿಣಾಕ್ಷಿ ಪಿಸುಗುಟ್ಟಿದಳು.

"ನಂಗೇನ್ ಗೊತ್ತು? ನಿಮ್ಮಣ್ಣನ್ನೇ ಕೇಳು."

*

ಶ್ರೀನಿವಾಸಯ್ಯ ಮಸ್ಕತ್ತಿನ ನಮ್ಮ ರಾಯಭಾರ ಕಚೇರಿಯಲ್ಲಿದ್ದವರು. ಪಾಸ್‌ಪೋರ್ಟ್ ಕಳೆದುಕೊಂಡವರು, ಜೈಲು ಸೇರಿದವರು, ಸತ್ತವರು, ಹೀಗೆ ಅಲ್ಲಿಗೆ ಕೂಲಿಗೆ ಹೋದವರ ಗೋಳೆಲ್ಲ ಅವರ ಮೇಜಿಗೇ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಅವರು ರಜೆಗೆ ಬಂದರೆಂದರೆ ಬೀದಿಗೇ ಸುದ್ದಿ. ಡಿಪ್ಲೊಮ್ಯಾಟಿಕ್ ಪಾಸ್‌ಪೋರ್ಟಿನವರ ಚೀಲವನ್ನು ಅಲ್ಲಿನ ಕಸ್ಟಮ್ಸಿನವರು ಬಿಚ್ಚುವ ಹಾಗಿಲ್ಲವಂತೆ. ಮತ್ತಿನ್ನೇನು, ಒಳಗಿರುವುದು ಬಂಗಾರವೇ ಎಂದು ಬೀದಿಯವರು ತೀರ್ಮಾನಿಸಿದ್ದರು.

ತುಳಸಮ್ಮನ ಸಂಶಯ ಬೇರೆ. ವಿಮಾನ ಬೆಳಿಗ್ಗೆಯೇ ಬಂದರೂ ಗಂಡ ಮನೆ ಸೇರುತ್ತಿದ್ದುದು ಮಧ್ಯಾಹ್ನ. ತಲೆ ಒದ್ದೆ, ಕೈಚೀಲ ಖಾಲಿ.

"ಎಲ್ಲಿಗೆ ಹೋಗಿದ್ರಿ?"

"ಆಫೀಸ್ ಕೆಲ್ಸ. ಕೇಳ್ಬೇಡ."

ಇನ್ನೊಂದು ಸಂಸಾರದ ಬಚ್ಚಲಲ್ಲಿ ಸ್ನಾನ ಮಾಡಿ ಬರುತ್ತಾರೆ ಎಂದೇ ಅವಳು ನಂಬಿಬಿಟ್ಟಳು. ಮತ್ತೆ ಬಾಯಿಬಿಟ್ಟು ಕೇಳಲು ಧೈರ್ಯ ಸಾಲಲಿಲ್ಲ.

*

ಈಗ ಕೇಳದಿದ್ದರೆ ಇನ್ನೆಂದೂ ತಿಳಿಯುವುದಿಲ್ಲ. ತುಳಸಮ್ಮ ಎದ್ದು ಬಾಗಿಲಿಗೆ ಹೋದಳು.

"ಅವ್ರು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲಮ್ಮ. ನಾನು ಪಿಳ್ಳಮ್ಮ, ಮಾರ್ಕೆಟ್ಟಲ್ಲಿ ಹೂವ ಮಾರ್ತೀನಿ. ಹಾರ ತಗೊಳ್ಳಕ್ಕೆ ಬಂದೋರು ಮಸ್ಕತ್ ಸಾಹೇಬ್ರಿಗೆ ಅಂದ್ರು, ಓಡ್ಬಂದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮ ಯಜಮಾನ್ರು ಅಲ್ಲಿ ಗಾರೆ ಕೆಲ್ಸಕ್ಕೆ ಹೋಗಿದ್ರು. ಮೇಲಿಂದ ಬಿದ್ದು ಸತ್ತೋದ್ರು. ಸುಟ್ಟಿದ್ದೂ ಸಾಹೇಬ್ರೇ. ಬೂದಿ ಪಾರ್ಸಲ್ ಹಾಕಿದ್ರೆ ಕಂಡಕಂಡೋರೆಲ್ಲ ಬಿಚ್ಚಿ ನೋಡ್ತಾರೆ, ನನ್ ಚೀಲ ಆದ್ರೆ ಅಲ್ಲಿ ಯಾರೂ ಮುಟ್ಟಲ್ಲ ಅಂತ ಅವ್ರೇ ತಂದ್ಕೊಟ್ರು. ನಮ್ಮ ನಲ್ಲಿ ಕೆಳಗೇ ಕೂತು ತಲೆಗೆ ನೀರು ಹುಯ್ಕೊಂಡ್ರು. ಕಾಫಿ ಕುಡೀರಿ ಅಂದ್ರೆ, ಬೇಡಮ್ಮ, ಮನೇಲಿ ಕಾಯ್ತಿರ್ತಾಳೆ ಅಂದ್ರು. ರಜೆಗೆ ಬಂದಾಗೆಲ್ಲ ಹೀಗೇ ಯಾರ್ದಾದ್ರೂ ಬೂದಿ ತರ್ತೀನಿ, ಸಾವಿನ ಸುದ್ದಿ ಮಾತ್ರ ಮನೆಯೊಳಗೆ ತರಲ್ಲ, ಅದಕ್ಕೇ ಮಿಂದು ಹೋಗೋದು ಅಂದ್ರು."

ತುಳಸಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಮಹಾರಾಯರೇ ಎಂದು ಮಲಗಿದ್ದ ಗಂಡನನ್ನು ನೋಡಿದಳು. ಆಮೇಲೆ ಅಳು ಒತ್ತರಿಸಿಕೊಂಡು ಬಂತು.

ಪುರೋಹಿತರು ಬಾಯಿಗೆ ಅಕ್ಕಿ ಹಾಕುವವರು ಬನ್ನಿ ಎಂದರು. ತುಳಸಮ್ಮ ಪಿಳ್ಳಮ್ಮನ ರಟ್ಟೆ ಹಿಡಿದು ಒಳಗೆ ಕರೆತಂದಳು.

"ಅತ್ತಿಗೇ, ಬಳಗದೋರು ಮಾತ್ರ ಹಾಕೋದು," ಎಂದಳು ಹರಿಣಾಕ್ಷಿ.

"ಸುಮ್ನಿರು."

"ನಮ್ಮೋರ ಬಾಯಿಗೂ ಅಲ್ಲಿ ಇವ್ರೇ ಹಾಕಿದ್ರಂತಮ್ಮ," ಎಂದಳು ಪಿಳ್ಳಮ್ಮ. ಅಕ್ಕಿ ತುಂಬಿಕೊಂಡ ಅವಳ ಬೊಗಸೆ ಹರಿಣಾಕ್ಷಿಯ ಮುಖ ಕಂಡು ಅರ್ಧಕ್ಕೇ ನಿಂತಿತು. ತುಳಸಮ್ಮ ಕೆಳಗಿನಿಂದ ತನ್ನ ಬೊಗಸೆ ಒಡ್ಡಿ, ಅದನ್ನು ಗಂಡನ ತುಟಿಯವರೆಗೆ ನಡೆಸಿಕೊಂಡು ಹೋದಳು.