ಎಡಗಿವಿಯ ನೀಲಿ

ಲೋಟದೊಳಗಿನ ಕಾಫಿ ನಡುಗಿತು, ನಡುವಿನಿಂದ ಅಂಚಿಗೆ ಸಣ್ಣ ಸಣ್ಣ ಬಳೆಗಳು, ಆಮೇಲೆ ಸದ್ದು, ಅಲ್ಲ, ಸದ್ದೇ ಮೊದಲು ಬಂದಿತ್ತೇನೋ, ಇಷ್ಟು ದಪ್ಪ ನಳಿಗೆಯ ಬಂದೂಕಿನ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯುತ್ತದೆ, ಕಿವಿಗಾದರೆ ಮುಚ್ಚಳ ಹಾಕಿಕೊಳ್ಳಬಹುದು, ಎದೆಗೆ ಏನು ಮುಚ್ಚುವುದು — ಮದುವೆಯಾಗಿ ಈ ಬಯಲಿಗೆ ಬಂದಾಗಿನಿಂದ ಕೇಳಿದ ಸದ್ದು, ವೆರ್ನಾಳಿಗೆ ಅದು ನೆರೆಮನೆಯ ಕದ ಬಡಿದುಕೊಂಡಷ್ಟೇ, ಇವತ್ತು ಮಾತ್ರ ಕಣ್ಣು ಮುಚ್ಚಿಕೊಂಡಳು. ಹೊಡೆದೇಬಿಟ್ಟ. ಕಣ್ಣು ಬಿಡು, ಮುಚ್ಚಿಕೊಂಡು ಕೂತರೆ ಆಗುವುದು ಆಗದೇ ಇರುತ್ತದೆಯೇ, ಬಿಟ್ಟು ನೋಡು, ಮನುಷ್ಯನಿಗೆ ಮುಖ ಇದೆಯೋ ಇಲ್ಲವೋ. ಇದೆ. ಡಾಕ್ಟರ್ ವೆಂಡೆಲ್ ಚಾಪೆಯ ಮೇಲೆ ಬೋರಲು ಮಲಗಿದ್ದಾನೆ, ಬೂಟಿನ ತುದಿಗಳು ಅತ್ತೊಂದು ಇತ್ತೊಂದು, ತಲೆ ತಿರುಗಿಸಿ ನಗುತ್ತಿದ್ದಾನೆ, ಹಲ್ಲಿನ ಡಾಕ್ಟರಾಗಿದ್ದವನ ಹಲ್ಲು ಇಲ್ಲಿಗೂ ಫಳಫಳ, ಕನ್ನಡಕ ಇದೆ, ಮೂಗು ಇದೆ, ಬಲಗೆನ್ನೆ ಇದೆ. ಬಲಗೆನ್ನೆಯನ್ನು ಇನ್ನೊಂದು ಸಲ ನೋಡಿದಳು. ಬಂದೂಕಿನ ಹಿಂಬದಿಯ ಮರಕ್ಕೆ ಒರಗುವ ಕೆನ್ನೆ ಅದು, ತೋಟಾ ಒಳಗೆ ತಳ್ಳಿ ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ಅಗುಳಿ, ಅದರ ಬಾಲಕ್ಕೂ ಈ ಕೆನ್ನೆಗೂ ನಡುವೆ ಒಂದು ಅಂಗೈ ಅಗಲ. ಹ್ಯಾಟು ತೆಗೆದು ಎದೆಗೆ ಹಿಡಿದು ನಿಂತಿದ್ದ ಗಂಡಸರು ಚಪ್ಪಾಳೆ ತಟ್ಟಿದರು, ಆರ್ಲೋನ ಹೆಸರಿಗೆ ಅಂದರು ಯಾರೋ, ಇವತ್ತು ಆರ್ಲೋನ ನೆನಪಿನ ದಿನ, ಅವಳ ಗಂಡ, ಹೋದ ಚಳಿಗಾಲದಲ್ಲಿ ಹೋದವನು, ಅವನು ಮಾಡಿದ ಕಡೆಯ ಬಂದೂಕಿನ ಮೊದಲ ಗುಂಡು. ನೋಡು, ಏನೂ ಆಗಲಿಲ್ಲ, ಸುಮ್ಮನೆ ಹೆದರಿಕೊಂಡೆ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗಾದರೆ ಲೋಟ ಇನ್ನೂ ಯಾಕೆ ನಡುಗುತ್ತಿದೆ.

ಕೊಂಡ ಬಂದೂಕನ್ನು ವೆಂಡೆಲ್ ಹೊರಗೆ ತರಬಾರದಿತ್ತು. ಇದು ಬೀರುವಿನ ರಾಣಿ. ಬಂದೂಕು ಕೂಡಿಸಿಡುವವರ ಬಾಯಲ್ಲಿ ಓಡಾಡುವ ಮಾತು ಅದು, ಉಕ್ಕಿನ ಬೀರುವಿನೊಳಗೆ ಮಖಮಲ್ಲಿನ ಮೇಲೆ ಮಲಗಿ, ಆಗಾಗ ಎಣ್ಣೆ ಹಚ್ಚಿಸಿಕೊಂಡು, ನೆಂಟರು ಬಂದಾಗ ಮುಖ ತೋರಿಸಿ ಮತ್ತೆ ಒಳಗೆ ಹೋಗುವ ಬಂದೂಕು, ಜನ್ಮದಲ್ಲಿ ಒಂದು ಗುಂಡೂ ಹಾರಿಸದಂಥದ್ದು. ಆನೆ ಬೀಳಿಸುವಷ್ಟು ಬಲ ಬೇಕು ಅನ್ನುತ್ತಾರೆ, ಇಲಿಯನ್ನೂ ಹೊಡೆಯುವುದಿಲ್ಲ. ವೆರ್ನಾ ಕಾಗದದ ಮೇಲೆ ಬಿಡಿಸುತ್ತಿದ್ದಳು, ಆರ್ಲೋ ಉಕ್ಕಿಗೆ ಇಳಿಸುತ್ತಿದ್ದ, ನಳಿಗೆಯ ಮೇಲೆ ಇರುವುದು ಅವನ ಹೆಸರು ಮಾತ್ರ, ಇರಲಿ, ಅದಕ್ಕೆ ಅವಳು ಯಾವತ್ತೂ ಮುಖ ಸಿಂಡರಿಸಿದವಳಲ್ಲ. ಬಂದವರು ಗುರಿ ಹಿಡಿದು ನೋಡುತ್ತಿರಲಿಲ್ಲ, ಅಗುಳಿ ತೆಗೆದು ಹಾಕಿ, ತೆಗೆದು ಹಾಕಿ, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು, ಬ್ಯಾಂಕಿನ ಖಜಾನೆಯ ಬಾಗಿಲು ಮುಚ್ಚಿದ ಸದ್ದು ಬಂದರೆ ಸೈ, ಒಪ್ಪಿಗೆ. ಒಂದು ಇಡೀ ಚಳಿಗಾಲ ಆ ಸದ್ದಿಗಾಗಿಯೇ ಗೀಚಿದಳು. ಮೂರು ಕಿವಿ ಇಡೋಣ ಎಂದಿದ್ದಳು — ಅಗುಳಿಯ ಮೂತಿಯಲ್ಲಿ ಎದ್ದು ನಿಂತ ಗುಬುಟುಗಳಿಗೆ ಅವರ ಮನೆಯಲ್ಲಿ ಕಿವಿ ಎಂದೇ ಹೆಸರು, ಅಗುಳಿ ತಿರುಗಿಸಿದಾಗ ಅವು ಉಕ್ಕಿನ ಗೋಡೆಯ ಹಿಂದೆ ಸಿಕ್ಕಿಕೊಂಡು ಗುಂಡಿನ ಒದೆತವನ್ನೆಲ್ಲ ತಡೆಯುತ್ತವೆ, ಹಿಡಿದರೆ ಸರಿ, ಬಿಟ್ಟರೆ ಅಗುಳಿ ಹಿಂದಕ್ಕೆ ಹಾರಿ ಹೊಡೆದವನ ಕೆನ್ನೆಯೊಳಗೆ. ಮೂರು ಇಟ್ರೆ ಸದ್ದು ಒಡೆಯುತ್ತೆ ಕಣೇ, ಎರಡು ಸಾಕು, ದೇವ್ರು ನಿಂಗೂ ಎರಡೇ ಕೊಟ್ಟಿರೋದು, ಅದ್ರಲ್ಲೂ ನೀನು ನನ್ ಮಾತು ಕೇಳಲ್ಲ ಎಂದಿದ್ದ ಆರ್ಲೋ. ಎರಡೇ ಆಯಿತು. ಎರಡೂ ಸಮನಾಗಿ ಹೊತ್ತರೆ ಮೂರನೆಯದು ಯಾಕೆ ಬೇಕು, ಅದೂ ನಿಜವೇ. ಮಾಡಿದ ಪ್ರತಿ ಬಂದೂಕನ್ನೂ ಕೊಟ್ಟಿಗೆಯ ಹಿಂದೆ ಟ್ರಾಕ್ಟರಿನ ಹಳೇ ಟೈರಿಗೆ ಬಿಗಿದು, ಗೋಡೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಗ್ಗ ಎಳೆದು ಹಾರಿಸಿ ನೋಡುತ್ತಿದ್ದರು, ಉಳಿದರೆ ಮಾರಾಟಕ್ಕೆ. ರಾಣಿಯರನ್ನು ಮಾತ್ರ ಕಟ್ಟುತ್ತಿರಲಿಲ್ಲ, ನಳಿಗೆಯಲ್ಲಿ ಮಸಿಯ ಎಳೆ ಕಂಡರೂ ಕೊಳ್ಳುವವರು ಮೂಗು ಮುರಿಯುತ್ತಾರೆ, ಮುಟ್ಟದ ಮದುಮಗಳು ಬೇಕು ಅವರಿಗೆ. ಈ ಬಂದೂಕನ್ನು ಟೈರಿಗೆ ಕಟ್ಟಿಲ್ಲ. ಇದರ ಪರೀಕ್ಷೆ ಈಗ ಆದದ್ದು, ಮನುಷ್ಯನ ಕೆನ್ನೆಯನ್ನು ಒರಗಿಸಿಕೊಂಡು.

ತಿನ್ನಿ ವೆರ್ನಾ, ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ ನೀವು — ಮಾರ್ಗಿಟ್, ಡಾಕ್ಟರ ಹೆಂಡತಿ, ಪಕ್ಕದ ಮಡಚುಕುರ್ಚಿಯಿಂದ ತಟ್ಟೆ ಚಾಚುತ್ತಿದ್ದಾಳೆ, ಆಲೂಗಡ್ಡೆ ಪಲ್ಯ, ಹಂದಿಮಾಂಸದ ಬ್ರೆಡ್ಡು, ಗಾಳಿಗೆ ಅದರ ಮೇಲೆಲ್ಲ ಸಣ್ಣ ಮರಳು. ಮೊಂಟಾನಾದ ಈ ಗಾಳಿ ಜೂನ್ ತಿಂಗಳಲ್ಲೂ ಮೂಳೆಗೆ ಬರುತ್ತದೆ, ಅದಕ್ಕೇ ಆರ್ಲೋನ ಕ್ಯಾನ್ವಾಸ್ ಕೋಟು ಹಾಕಿಕೊಂಡು ಬಂದಿದ್ದಾಳೆ, ಜೇಬಿನಲ್ಲಿ ಕೈ ಇಟ್ಟರೆ ಸೂರ್ಯಕಾಂತಿ ಬೀಜದ ಸಿಪ್ಪೆ, ಮೊಳೆ, ಹಿಂಡಿ ಹಿಂಡಿ ಸೊಟ್ಟಗಾದ ನೀಲಿ ಬಣ್ಣದ ಟ್ಯೂಬು. ಮಾರ್ಗಿಟ್ ನಗುತ್ತಾಳೆ, ಆ ಬಂದೂಕು ನನ್ನ ಸವತಿ ಕಣ್ರೀ, ನನಗಿಲ್ಲದ ಮಖಮಲ್ಲು ಅದಕ್ಕೆ, ಈಗ ನೋಡಿ, ಕಣ್ಣಿನ ಪೊರೆ ತೆಗೆಸಿದ ಮೇಲೆ ಹುಚ್ಚು ಹಿಡಿದಿದೆ ಇವರಿಗೆ, ಸದ್ದು ಕೇಳದೆ ಸಾಯಲ್ಲ ಅಂತಾರೆ. ವೆರ್ನಾ ಹೂಂ ಅಂದಳು. ಈ ಹೆಂಗಸಿನ ಕೈಯಿಂದ ಪಲ್ಯ ತಿನ್ನುವುದು ಹೇಗೆ. ಟ್ಯೂಬಿನ ಮುಚ್ಚಳ ಸಡಿಲವಿತ್ತೇನೋ, ಹೆಬ್ಬೆರಳಿಗೆ ತಣ್ಣಗೆ ಅಂಟಿತು, ಜೇಬಿನಿಂದ ತೆಗೆಯದೆಯೇ ಗೊತ್ತು, ನೀಲಿ. ಕಿವಿಗಳಿಗೆ ಈ ನೀಲಿಯನ್ನು ತೆಳ್ಳಗೆ ಸವರಿ, ಅಗುಳಿಯನ್ನು ಒಳಗೆ ತೂರಿಸಿ, ತಿರುಗಿಸಿ, ಹಿಂದಕ್ಕೆ ಜಗ್ಗಿ ತೆಗೆಯಬೇಕು, ಗೋಡೆಗೆ ತಾಗಿದ ಕಡೆ ನೀಲಿ ಒರೆಸಿಹೋಗಿ ಉಕ್ಕು ಬೆಳ್ಳಗೆ ಹೊಳೆಯುತ್ತದೆ, ತಾಗದ ಕಡೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಈ ಬಂದೂಕು ಮಾಡುತ್ತಿದ್ದಾಗ ಒಂದು ದಿನ ಆರ್ಲೋ ಅಡುಗೆಮನೆಗೇ ಬಂದಿದ್ದ, ಅಗುಳಿಯನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಕೈ ನಡುಗುತ್ತಿತ್ತು, ಆ ವರ್ಷ ಕೈ ಮಾತ್ರವಲ್ಲ, ಗಲ್ಲವೂ ನಡುಗಲು ಶುರುವಾಗಿತ್ತು, ಚಮಚ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಸೂಪು ಅಂಗಿಯ ಮೇಲೆ, ಆದರೂ ಈ ಕಿವಿಗಳನ್ನು ತಾನೇ ಅರದಿಂದ ತೀಡುತ್ತೇನೆಂದು ಹಟ, ಅವಳು ಮುಟ್ಟಕೂಡದು, ತಮ್ಮ ಹಾಲ್ವರ್ ಮುಟ್ಟಕೂಡದು. ನೋಡೇ, ಎರಡೂ ಕಿವಿ ಹ್ಯಾಗ್ ಹೊಳೀತಿವೆ, ಇನ್ನೂ ಸತ್ತಿಲ್ಲ ಕಣೇ ನಿನ್ನ ಗಂಡ. ಬಲಗಿವಿ ಹೊಳೆಯುತ್ತಿತ್ತು. ಎಡಗಿವಿ ನೀಲಿ. ಅಂಚಿನಿಂದ ಅಂಚಿಗೆ ನೀಲಿ, ಒಂದು ಚುಕ್ಕಿ ಬಿಳಿಯೂ ಇಲ್ಲದ ನೀಲಿ. ಜಾಸ್ತಿ ತೀಡಿಬಿಟ್ಟಿದ್ದ, ಒದೆತವೆಲ್ಲ ಒಂದೇ ಕಿವಿಯ ಮೇಲೆ. ಅವನ ಕಣ್ಣು ಅವಳ ಬಾಯನ್ನೇ ನೋಡುತ್ತಿತ್ತು, ಬಾಣಲೆಯಲ್ಲಿ ಈರುಳ್ಳಿ ಸೀಯುತ್ತಿತ್ತು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅವಳು ಮುತ್ತು ಉಳಿಸಿಕೊಂಡಳು. ಚೆನ್ನಾಗಿದೆ ಆರ್ಲೋ ಎಂದಳು. ಹೇಗೂ ರಾಣಿ, ಬೀರು ಬಿಟ್ಟು ಎಲ್ಲಿಗೆ ಹೋಗುತ್ತಾಳೆ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡಳು. ಅವನು ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡ, ಅವಳು ಸೀದ ಈರುಳ್ಳಿಯನ್ನು ತಾನೇ ಬಡಿಸಿಕೊಂಡಳು.

ಟಪ್, ಟಪ್. ಏನದು. ವೆಂಡೆಲ್ ಅಂಗೈಯಿಂದ ಅಗುಳಿಯ ಹಿಡಿಯನ್ನು ಬಡಿಯುತ್ತಿದ್ದಾನೆ, ಮೇಲೇಳುತ್ತಿಲ್ಲ ಅದು. ಅಯ್ಯೋ. ಬಡಿಯಬೇಡ. ಬಿಗಿಯಾಗಿದೆ ಎಂದರೆ ಒಳಗೆ ಏನೋ ಜರುಗಿದೆ, ಒಂದೇ ಕಿವಿ ಒದೆ ತಿಂದು ಕೂತಿದೆ, ಸುಸ್ತಾದ ಕತ್ತೆ ಹೊರೆ ಹೊತ್ತು ಮಲಗಿಬಿಟ್ಟ ಹಾಗೆ. ಹೊಸ ಮದುಮಗಳಪ್ಪ, ನಾಚಿಕೆ, ಸ್ವಲ್ಪ ಸಮಯ ಕೊಡಿ ಎಂದ ಯಾರೋ, ಎಲ್ಲರೂ ನಕ್ಕರು, ಹಾಲ್ವರ್ ಕೂಡ, ಇವತ್ತಿನ ಮೈದಾನದ ಯಜಮಾನ, ಕೆಂಪು ಬಾವುಟದ ಕಂಬಕ್ಕೆ ಒರಗಿ ನಿಂತವನು, ಅಣ್ಣ ಎಂದರೆ ದೇವರು ಅವನಿಗೆ. ಬಡಿತಕ್ಕೆ ಅಗುಳಿ ತೆರೆದುಕೊಂಡಿತು. ಹಿತ್ತಾಳೆಯ ಖಾಲಿ ತೋಟಾ ಜಲ್ಲಿಯ ಮೇಲೆ ಉರುಳಿತು. ಸಾಕು, ಒಂದು ಸಾಕು, ಸದ್ದು ಕೇಳಿದೆಯಲ್ಲ, ಇನ್ನು ಏಳು, ಎದ್ದು ಬಂದು ಪಲ್ಯ ತಿನ್ನು, ನಿನ್ನ ದಮ್ಮಯ್ಯ. ಏಳಲಿಲ್ಲ. ಇದು ನನ್ನದು, ಮೊದಲನೇದು ಆರ್ಲೋಗೆ ಹೋಯ್ತು ಎಂದು ಪೆಟ್ಟಿಗೆಯಿಂದ ಇನ್ನೊಂದು ತೋಟಾ ತೆಗೆದ, ಅದು ಅವನ ಅಂಗೈ ಉದ್ದ. ಕೂಗಬೇಕು. ಯಾರು ಬೇಕಾದರೂ ಕೂಗಬಹುದು, ಈ ಬಯಲಿನ ಕಟ್ಟುಪಾಡು ಅದು, ಮಗು ಕೂಗಿದರೂ ಸರಿ, ನಿಲ್ಲಿಸಿ ಅಂದರೆ ಸಾಕು, ಎಲ್ಲರೂ ಅಗುಳಿ ತೆರೆದು ಕೈ ಮೇಲೆತ್ತಬೇಕು, ಯಾಕೆ ಎಂದು ಕೇಳುವ ಹಾಗಿಲ್ಲ. ಆಮೇಲೆ ಕೇಳುತ್ತಾರೆ. ಆಮೇಲೆ ಕೂಗಿದವರು ಗುಂಡು ಹಾರಿಸುವ ಗೆರೆಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಕಾರಣ ಹೇಳಬೇಕು. ಏನು ಹೇಳುವುದು, ಹ್ಯಾಟು ತೆಗೆದು ಎದೆಗಿಟ್ಟುಕೊಂಡ ಈ ಜನಕ್ಕೆ, ಆರ್ಲೋ ಕಡೆಗಾಲದಲ್ಲಿ ಕೆಲಸ ಕೆಡಿಸಿದ ಎನ್ನುವುದೇ, ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡೆ ಎನ್ನುವುದೇ, ಮಾರ್ಗಿಟ್ ಪಕ್ಕದಲ್ಲೇ ಇದ್ದಾಳೆ. ಬಾವುಟ ಬಿಚ್ಚಿಹೋಗಲಿ, ಮಳೆ ಬರಲಿ, ಜಿಂಕೆ ಅಡ್ಡ ಬರಲಿ, ಏನಾದರೂ ಬರಲಿ ನನ್ನ ಬದಲು. ವೆರ್ನತ್ತಿಗೆ ಯಾಕೋ ಬಿಳಿಚಿಕೊಂಡಿದ್ದೀರಿ ಎಂದು ಹಾಲ್ವರ್ ದೂರದಿಂದ ಕೂಗಿದ, ಅವಳ ಕೈ ತಾನಾಗಿಯೇ ಜೇಬಿನ ಆಳಕ್ಕೆ ಹೋಯಿತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೆಬ್ಬೆರಳಿಗೆ ಮತ್ತೆ ತಣ್ಣನೆಯ ನೀಲಿ. ಮೊದಲನೆಯದನ್ನು ತಡೆದುಕೊಂಡಿತಲ್ಲ, ಎರಡನೆಯದನ್ನೂ ತಡೆಯುತ್ತದೆ, ತಡೆಯುತ್ತದೆಯೇ, ತಡೆಯುವುದಾದರೆ ಹಿಡಿ ಯಾಕೆ ಬಿಗಿಯಾಯಿತು, ಗೀಚಿದವಳು ನೀನು, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಆರ್ಲೋ, ನೀನೇ ಹೇಳು, ನಾನೊಬ್ಬಳೇ ಯಾಕೆ ಇದನ್ನು ಹೊರಬೇಕು, ಒಂದೇ ಕಿವಿಯ ಹಾಗೆ. ಅಗುಳಿ ಒಳಗೆ ಹೋಯಿತು. ಖಜಾನೆಯ ಬಾಗಿಲು. ಎಷ್ಟು ಚೆಂದದ ಸದ್ದು, ಅವಳೇ ಗೀಚಿದ ಸದ್ದು, ಕೆನ್ನೆ ಮರಕ್ಕೆ ಒರಗಿತು, ವಯಸ್ಸಾದ ಕೆನ್ನೆ, ಬೆಳಿಗ್ಗೆ ಮಾರ್ಗಿಟ್ ಮುತ್ತಿಟ್ಟ ಕೆನ್ನೆ, ಮಾರ್ಗಿಟ್ ಕಿವಿಗೆ ಬೆರಳು ಕೊಟ್ಟುಕೊಳ್ಳುತ್ತಾ ಇವಳನ್ನು ನೋಡಿ ಕಣ್ಣು ಮಿಟುಕಿಸಿದಳು.

ನಿಲ್ಲಿಸಿ. ಯಾರ ಗಂಟಲು ಅದು, ಬಾತುಕೋಳಿಯ ಹಾಗೆ ಒಡೆದದ್ದು, ಗಾಳಿ ಅದನ್ನು ಅರ್ಧ ತಿಂದಿತು, ಇನ್ನೊಮ್ಮೆ, ನಿಲ್ಲಿಸಿ, ನಿಲ್ಲಿಸ್ರೋ. ಕಾಫಿ ತೊಡೆಯ ಮೇಲೆ ಚೆಲ್ಲಿ ಬಿಸಿ ತಾಗಿತು, ಲೋಟ ಜಲ್ಲಿಯ ಮೇಲೆ, ಗೆರೆಯುದ್ದಕ್ಕೂ ಅಗುಳಿಗಳು ತೆರೆದುಕೊಂಡ ಸದ್ದು, ಕೈಗಳು ಮೇಲೆ, ವೆಂಡೆಲನ ಕೈ — ಮೇಲೆ, ಮೇಲಿದೆ, ದೇವರೇ. ನಡೆದಳು. ಹಾಲ್ವರ್ ಎದುರಿಗೆ ಬಂದ, ಏನ್ ಅತ್ತಿಗೆ, ಯಾರಾದ್ರೂ ಅಡ್ಡ ಬಂದ್ರಾ. ಆ ಅಗುಳಿ ಕೊಡಿ ಎಂದಳು ವೆಂಡೆಲನಿಗೆ. ವೆಂಡೆಲ್ ತೋಟಾ ತೆಗೆದಿಟ್ಟು, ಅಗುಳಿಯನ್ನು ಎಳೆದು ಕೊಟ್ಟ, ಏನು ವೆರ್ನಾ, ನಿಮ್ಮ ರಾಣೀನ ನಾನು ಹೊರಗೆ ತಂದೆ ಅಂತ ಕೋಪಾನಾ ಎಂದ. ಬೆಚ್ಚಗಿತ್ತು ಅದು, ಈಗಷ್ಟೇ ಇಟ್ಟ ಮೊಟ್ಟೆಯ ಹಾಗೆ. ಕಿವಿಗಳೆರಡೂ ಎಣ್ಣೆ ಹಚ್ಚಿಕೊಂಡು ಫಳಫಳ, ನೀಲಿ ಎಲ್ಲಿ, ಅಂದೇ ಒರೆಸಿದ್ದನಲ್ಲ ಆರ್ಲೋ, ಇರುವುದು ಇವಳ ತಲೆಯೊಳಗೆ ಮಾತ್ರ, ಎಲ್ಲರೂ ನೋಡುತ್ತಿದ್ದಾರೆ, ಮುದುಕಿಗೆ ಗಂಡನ ನೆನಪಾಗಿ ತಲೆ ಕೆಟ್ಟಿತು ಅನ್ನುತ್ತಾರೆ, ಹೌದು ಎಂದು ಅತ್ತುಬಿಟ್ಟರೆ ಮುಗಿಯಿತು, ಕಾರಣ ಹೇಳಬೇಕಾಗಿಲ್ಲ, ಅತ್ತುಬಿಡು, ಮತ್ತೆ ಅವನು ಮಲಗುತ್ತಾನೆ, ಮತ್ತೆ ಕೆನ್ನೆ ಒರಗಿಸುತ್ತಾನೆ. ಆರ್ಲೋನ ಕೈ ನಡುಗ್ತಿತ್ತು ಎಂದಳು. ಇದನ್ನ ಮಾಡುವಾಗ. ಎಡಗಿವಿ ತಾಗ್ತಿಲ್ಲ, ನಾನ್ ನೋಡಿದ್ದೆ, ನೋಡಿ ಸುಮ್ಮನಿದ್ದೆ. ಹಾಲ್ವರನ ಮುಖ ಕಪ್ಪಿಟ್ಟಿತು, ಅಣ್ಣನ ಕೈ ಬಗ್ಗೆ ಹಿಂಗ್ ಮಾತಾಡ್ಬೇಡಿ ಅತ್ತಿಗೆ, ಇವತ್ತಿನ ದಿನ ಬೇಡ. ಅವಳು ಜೇಬಿನಿಂದ ಟ್ಯೂಬು ತೆಗೆದಳು.

ಸವರಲು ಹೋದರೆ ಅವಳ ಕೈಯೇ ಆರ್ಲೋನ ಕೈಯಾಗಿತ್ತು, ಹಾಲ್ವರ್ ಕಿತ್ತುಕೊಂಡು ತಾನೇ ಸವರಿದ, ತೂರಿಸಿದ, ತಿರುಗಿಸಿದ, ಜಗ್ಗಿದ, ತೆಗೆದ. ಎಡಗಿವಿ ನೀಲಿ, ಅಂಚಿನಿಂದ ಅಂಚಿಗೆ, ಅಡುಗೆಮನೆಯಲ್ಲಿ ಕಂಡ ಹಾಗೆಯೇ. ಬಲಗಿವಿ ಹೊಳೆಯುತ್ತಿತ್ತು, ಎಲ್ಲವನ್ನೂ ಹೊತ್ತ ಬಲಗಿವಿ, ಅದರ ಬುಡದಲ್ಲಿ ಮಾತ್ರ ಒಂದಿಷ್ಟು ನೀಲಿ ನಿಂತಿತ್ತು, ಜಾಸ್ತಿ ಸವರಿದ್ದಾನೆ ಎಂದುಕೊಂಡು ಹೆಬ್ಬೆರಳಿನಿಂದ ಒರೆಸಿದಳು, ಹೋಯಿತು, ಪೂರ್ತಿ ಹೋಗಲಿಲ್ಲ, ಕೂದಲೆಳೆಯಷ್ಟು ಉಳಿಯಿತು, ಕೋಟಿನ ತೋಳಿನಿಂದ ಒರೆಸಿದಳು, ಹಿಂದೆ ಮಾರ್ಗಿಟ್ ಏನೋ ಕೇಳುತ್ತಿದ್ದಳು, ಏನಾಯ್ತು, ಏನಂತೆ, ಹಾಲ್ವರ್ ವೆಂಡೆಲನ ತೋಳು ಹಿಡಿದು ಚಾಪೆಯಿಂದ ಮೇಲಕ್ಕೆ ಎಬ್ಬಿಸುತ್ತಿದ್ದ, ಉಗುರಿನಿಂದ ಕೆರೆದಳು, ಮತ್ತೆ ಒರೆಸಿದಳು, ಒಳಗೆ ಇಳಿದಿತ್ತು ಅದು, ಬಿರುಕಿನೊಳಗೆ, ಬುಡದ ಆ ಬದಿಯಿಂದ ಈ ಬದಿಗೆ, ಎಷ್ಟು ಒರೆಸಿದರೂ ಹೋಗದ ಒಂದು ನೀಲಿ ಗೆರೆ, ನೀಲಿ, ಸಣ್ಣ ನೀಲಿ ಗೆರೆ.